ಅಧ್ಯಕ್ಷೆಯ ಗಂಡ

ಗುಬ್ಬಿಯಲ್ಲಿ ತನ್ನ ವಾರ್ಡು ಮಹಿಳೆಗೆ ಮೀಸಲಾದಾಗ ಉದಯಕುಮಾರ್ ಹೆಂಡತಿ ನಂದಿತಾಳನ್ನು ನಿಲ್ಲಿಸಿ ಗೆಲ್ಲಿಸಿದ. ಆಮೇಲೆ ಪಟ್ಟಣ ಪಂಚಾಯಿತಿಯ ಅಧ್ಯಕ್ಷ ಸ್ಥಾನವೂ ಅವಳಿಗೇ ಬಂತು. ಕುರ್ಚಿ ಅವಳದು, ಕಾರುಬಾರು ಅವನದು. ಅವನು ತೋರಿಸಿದ ಕಡೆ ಅವಳು ಸಹಿ ಹಾಕುತ್ತಿದ್ದಳು. ಊರವರು ಅವನನ್ನೇ 'ಅಧ್ಯಕ್ಷರೇ' ಎಂದು ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಅವನಿಗೆ ಬಲು ಇಷ್ಟ.

ಆ ವಾರ ಉತ್ತರದ ಕಡೆಯ ಒಂದು ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿದು ಬಹಳ ಜನ ಸತ್ತಿದ್ದರು. ಟಿವಿಯಲ್ಲಿ ಹಗಲೆಲ್ಲ ಅದೇ ಸುದ್ದಿ. ಜನರ ದಿಗಿಲು ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಗುಬ್ಬಿ ಬಸ್ ಸ್ಟ್ಯಾಂಡಿನ ಬೆಂಚಿನ ಕೆಳಗೆ ಯಾರದೆಂದು ಗೊತ್ತಿಲ್ಲದ ಬ್ಯಾಗೊಂದು ಕಾಣಿಸಿತು. ಜಿಪ್ಪಿನ ಸಂದಿಯಿಂದ ವೈರು ಇಣುಕುತ್ತಿತ್ತು.

ಆಗ ಉದಯಕುಮಾರ್ ಇದ್ದದ್ದು ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ, ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದ. ನಂದಿತಾ ಫೋನು ಮಾಡಿದಳು.

“ರೀ, ಬಸ್ ಸ್ಟ್ಯಾಂಡಲ್ಲಿ ಬೆಡ್‌ಶೀಟ್ ಮಾರೋನ್ನ ಹಿಡ್ಕೊಂಡು ಹೊಡೀತಾವ್ರಂತೆ. ಬ್ಯಾಗ್ ಇಟ್ಟೋನು ಅವ್ನೇ ಅಂತ ವಾಟ್ಸಾಪಲ್ಲಿ ಫೋಟೊ ಬಂದೈತೆ.”

“ಪೊಲೀಸ್ನೋರು ನೋಡ್ಕೊತಾರೆ ಬುಡು. ನಾನ್ ಬರೋಗಂಟ ಆಚೆ ಹೋಗ್ಬ್ಯಾಡ, ಏನೂ ಮಾತಾಡ್ಬ್ಯಾಡ.”

“ನೀವು ಬರೋ ಹೊತ್ಗೆ ಅವ್ನ ಜೀವ ಇರಲ್ಲ ಕಣ್ರೀ,” ಎಂದು ಅವಳು ಫೋನಿಟ್ಟಳು.

ಊಟಕ್ಕೆ ಕೂತಿದ್ದಾಗ ಸೋದರಮಾವ ಮೂಡಲಗಿರಿಯಪ್ಪ ಮೊಬೈಲನ್ನು ಅವನ ಮೂಗಿನ ಮುಂದೆ ಹಿಡಿದರು. “ನೋಡ್ಲಾ, ನಮ್ ನಂದಿತಾ!” ವಿಡಿಯೊದಲ್ಲಿ, ಬ್ಯಾಗಿನ ಸುತ್ತ ಪೊಲೀಸರು ಕಟ್ಟಿದ ಹಗ್ಗದ ಈಚೆ ಅವಳು ನಿಂತಿದ್ದಳು. ಅವಳ ಹಿಂದೆ ಅಂಗಿ ಹರಿದುಹೋದ ಆ ಬೆಡ್‌ಶೀಟ್ ಮಾರುವ ಯುವಕ. ಮೈಕಿನಲ್ಲಿ ಅವಳ ದನಿ ನಡುಗುತ್ತಿತ್ತು. “ಬ್ಯಾಗಲ್ಲಿ ಏನೈತೆ ಅಂತ ನಂಗೂ ಗೊತ್ತಿಲ್ಲ. ನಂಗೂ ಭಯ ಆಯ್ತೈತೆ. ಗೊತ್ತಾದ ತಕ್ಷಣ ನಾನೇ ಬಂದು ಹೇಳ್ತೀನಿ. ಅಲ್ಲೀಗಂಟ ಈ ಹುಡುಗನ ಮೈ ಮುಟ್ಟೋರು ನನ್ನ ದಾಟ್ಕೊಂಡು ಬರ್ಬೇಕು.”

ತುಮಕೂರಿನಿಂದ ಬಂದ ಬಾಂಬ್ ಪತ್ತೆ ತಂಡ ಬ್ಯಾಗು ಬಿಚ್ಚಿದರೆ ಒಳಗಿದ್ದದ್ದು ಪಂಪ್‌ಸೆಟ್ಟಿನ ಸ್ಟಾರ್ಟರ್. ಹಾಗಲವಾಡಿಯ ಮೆಕ್ಯಾನಿಕ್ ಒಬ್ಬ ಬಸ್ಸು ಹಿಡಿಯುವ ಆತುರದಲ್ಲಿ ಮರೆತು ಹೋಗಿದ್ದ. ನಂದಿತಾ ಮಾತು ಕೊಟ್ಟಂತೆ ತಾನೇ ಅದನ್ನು ಹೇಳಿದಳು. ಜನ ನಿಟ್ಟುಸಿರು ಬಿಟ್ಟು ಮನೆಗೆ ಹೋದರು.

ಅಮೃತೂರಿನಲ್ಲಿ ಎಲ್ಲರೂ ಉದಯಕುಮಾರನ ಬೆನ್ನು ತಟ್ಟಿದರು. ಅವನು ಮಾತ್ರ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದ. ಹತ್ತು ವರ್ಷ ಊರಿಗಾಗಿ ಓಡಾಡಿದ್ದು ತಾನು. ಒಂದು ಮಧ್ಯಾಹ್ನ ಮೈಕು ಹಿಡಿದವಳಿಗೆ ಇಷ್ಟು ಹೆಸರೇ?

ಊರಿಗೆ ಬಂದ ಮೇಲಂತೂ ಹೊಟ್ಟೆಯುರಿ ಇನ್ನೂ ಹೆಚ್ಚಿತು. ಬೆಳಿಗ್ಗೆ ಬಾಗಿಲಿಗೆ ಬಂದವರು ಕೇಳಿದರು, “ಅಧ್ಯಕ್ಷರು ಇದಾರಾ?”

“ಇದೀನಲ್ಲಪ್ಪ, ಹೇಳಿ.”

“ನೀವಲ್ಲ ಸಾರ್, ಅಮ್ಮಾವ್ರು.”

ಮಾರನೆಯ ದಿನ ಶಾಂತಿಸಭೆ. ಶಾಲೆ ನಡೆಯುತ್ತದೋ, ಸಂತೆ ಸೇರುತ್ತದೋ ಎಂದು ಜನ ಕೇಳಿದ್ದೆಲ್ಲ ನಂದಿತಾಳನ್ನೇ. ಅವಳು ಗೊತ್ತಿದ್ದಕ್ಕೆ ಉತ್ತರ ಕೊಟ್ಟಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಪಕ್ಕದಲ್ಲಿ ಕೂತ ಉದಯಕುಮಾರನಿಗೆ ಮುಳ್ಳಿನ ಮೇಲೆ ಕೂತಂತಾಯಿತು. ತಡೆಯಲಾರದೆ ಎದ್ದು ಮೈಕು ತೆಗೆದುಕೊಂಡ.

“ಈ ಸಲ ಸ್ಟಾರ್ಟರು. ಮುಂದಿನ ಸಲ? ಯಾರೋ ಎಲ್ಲಿಂದಲೋ ಬರ್ತಾರೆ, ಬೆಡ್‌ಶೀಟ್ ಮಾರ್ತೀವಿ ಅಂತಾರೆ. ಗಂಟಲ್ಲಿ ಏನೈತೋ ಕಂಡೋರ್ ಯಾರು? ಹೊರಗಿನೋರು ನಮ್ ಸಂತೇಗೆ ಕಾಲಿಡಬಾರ್ದು!”

ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಎರಡು ದಿನದಲ್ಲಿ ಮೊದಲ ಸಲ ಅವನ ಎದೆ ಹಗುರವಾಯಿತು. ನಂದಿತಾ ತಲೆ ತಗ್ಗಿಸಿ ಕೂತಿದ್ದಳು. ಅದು ಅವನಿಗೆ ಇನ್ನೂ ಹಿತವಾಗಿ ಕಂಡಿತು.

ಸಂತೆಯ ದಿನ ಬಸ್ ಸ್ಟ್ಯಾಂಡಿನ ಅದೇ ಹುಡುಗ, ಕುಣಿಗಲ್ಲಿನ ಇಮ್ತಿಯಾಜ್, ಗಂಟು ಹೊತ್ತು ಬಂದ. ನಾಲ್ಕು ಜನ ಅಡ್ಡ ಹಾಕಿ, ಹೊರಗಿನೋರು ಕಾಲಿಡಬಾರ್ದು ಅಂತ ಅಧ್ಯಕ್ಷರೇ ಹೇಳವ್ರೆ ಎನ್ನುತ್ತಾ ಅವನ ಕೈ ಮುರಿದರು.

ಸಂಜೆ ನಂದಿತಾ ಠಾಣೆಯಿಂದ ಬಂದು ಚಪ್ಪಲಿ ಕೂಡ ಬಿಡದೆ ಗಂಡನೆದುರು ನಿಂತಳು.

“ಜನ ಹೆದರ್ಕೊಂಡಿದ್ರು. ಹೆದರ್ಕೊಂಡೋರ ಕೈಗೆ ಕೋಲು ಕೊಟ್ರಲ್ರೀ.”

“ನಾನ್ ಹೊಡೀರಿ ಅಂದ್ನಾ?”

“ಅನ್ನಲಿಲ್ಲ. ಆ ಮಾತು ಊರಿನ್ ಮೇಲಿನ ಕಾಳಜಿಗೆ ಆಡಿದ್ರೋ, ನನ್ ಮೇಲಿನ ಉರಿಗೆ ಆಡಿದ್ರೋ, ಅದೊಂದು ಹೇಳಿ.”

ಅವನು ಮುಖ ತಿರುಗಿಸಿ ಮೊಬೈಲು ಕೈಗೆತ್ತಿಕೊಂಡ.

“ನಾಳೆ ಮೈಕಲ್ಲಿ ನಮ್ಮೆಜಮಾನ್ರು ಹೇಳಿದ್ದು ತಪ್ಪು ಅಂತ ಹೇಳ್ತೀನಿ. ಹೊಡೆದೋರ ಮೇಲೆ ಕೇಸು ಆಗೈತೆ, ನಿಮ್ ಫೋನ್ ಬಂದ್ರೂ ಬಿಡಬ್ಯಾಡಿ ಅಂತ ಇನ್ಸ್‌ಪೆಕ್ಟರಿಗೂ ಹೇಳ್ಬಂದಿದೀನಿ.”

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಹೇಳಿದಂತೆಯೇ ಮಾಡಿದಳು. ಉದಯಕುಮಾರ್ ಅಂಗಡಿಯೊಂದರ ಮರೆಯಲ್ಲಿ ನಿಂತು ಕೇಳಿದ. ಅವಮಾನದಿಂದ ಕಿವಿ ಕೆಂಪಾಯಿತು. ಆದರೆ ಒಂದು ವಿಷಯ ಅವನಿಗೆ ಹೊಳೆಯಿತು. ತಾನು ಮಾತಾಡಿದ ಸಂಜೆ ಜನ ಕುದಿಯುತ್ತಾ ಗುಂಪು ಗುಂಪಾಗಿ ರಸ್ತೆಯಲ್ಲೇ ನಿಂತಿದ್ದರು. ಇವಳ ಮಾತು ಮುಗಿದ ಮೇಲೆ ಗಲಾಟೆಗೆ ಹೆದರಿ ಮುಚ್ಚಿದ್ದ ಅಂಗಡಿಗಳ ಬಾಗಿಲು ತೆರೆದವು, ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸಿದರು. ಇದು ತನಗೆ ಯಾಕೆ ಬರಲಿಲ್ಲ ಎಂದು ಅವನಿಗೆ ಅಸೂಯೆಯೇ ಆಯಿತು. ಈ ಸಲದ ಅಸೂಯೆ ಬೇರೆ ಥರದ್ದು.

ಅಲ್ಲಿಂದ ನೇರ ತುಮಕೂರಿನ ಆಸ್ಪತ್ರೆಗೆ ಹೋದ. ಇಮ್ತಿಯಾಜ್ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಉದಯಕುಮಾರನನ್ನು ಕಂಡು ಬಾಗಿಲತ್ತ ನೋಡಿದ.

“ಮೇಡಮ್ ಬರ್ಲಿಲ್ವಾ ಸಾರ್?”

ಅಲ್ಲೂ ಒಳಗೆ ಚುರುಕ್ ಎಂದಿತು. ನುಂಗಿಕೊಂಡು ಸ್ಟೂಲೆಳೆದು ಕೂತ. “ಇಲ್ಲಪ್ಪ, ನಾನೇ ಬಂದೆ. ಸಭೇಲಿ ಆ ಮಾತಾಡಿದ್ದು ನಾನೇ.”

“ಗೊತ್ತು ಸಾರ್, ವಿಡಿಯೊ ನೋಡ್ದೆ.”

“ಕೈ ವಾಸಿಯಾದ್ಮೇಲೆ ಸಂತೇಗೆ ಬಾ. ನಿನ್ ಪಕ್ಕದಲ್ಲೇ ಕೂತ್ಕೊತೀನಿ.”

ಇಮ್ತಿಯಾಜ್ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಸರಿಸಿಟ್ಟುಕೊಂಡ. “ಮೇಡಮ್ಮೂ ಇರ್ತಾರೆ ಅಂದ್ರೆ ಬರ್ತೀನಿ,” ಎಂದ.

“ಕೇಳ್ತೀನಿ,” ಎಂದ ಉದಯಕುಮಾರ್.