ಅತ್ತೆಯ ಚಿಪ್ಪುಗಳು

ಅತ್ತೆ ಬಲೆ ಹೆಣೆಯುವವರು. ಮಾತು ಕಡಿಮೆ, ಕಣ್ಣು ಮಾತ್ರ ಹದ್ದಿನದು. ಊರಿನ ಎದುರು, ಹೊಳೆಯಾಚೆಯ ಮರಳುದಿಬ್ಬದಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳು ಬೆರಳೆಣಿಕೆಗೆ ಇಳಿದಾಗ ಊರವರೇ ಸೇರಿ ಕಾವಲು ನಿಂತರು. ನೋಡಲು ಬರುವ ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸ ಅತ್ತೆಯ ಪಾಲಿಗೆ ಬಂತು, ದೋಣಿ ನಡೆಸುವುದು ಸೊಸೆಯ ಪಾಲಿಗೆ. ರೀವದ ಗೂಡೆಂದರೆ ಮರಳಿನಲ್ಲಿ ಬರೀ ಒಂದು ಕುಳಿ, ಮೊಟ್ಟೆಯೂ ಮರಳಿನ ಬಣ್ಣದ್ದೇ. ಯಾರೂ ತುಳಿಯದಿರಲೆಂದು ಅತ್ತೆ ಹನ್ನೊಂದು ಗೂಡುಗಳ ಪಕ್ಕದಲ್ಲೂ ಒಂದೊಂದು ಬಿಳಿ ಚಿಪ್ಪು ಇಟ್ಟರು. ಊರೆಲ್ಲ ಭೇಷ್ ಎಂದಿತು.

ಹತ್ತೇ ದಿನದಲ್ಲಿ ಎಂಟು ಗೂಡು ಖಾಲಿ! ಊರವರು ಬೀದಿನಾಯಿಗಳ ಮೇಲೆ ಗೂಬೆ ಕೂರಿಸಿದರು. ಸೊಸೆ ಮಾತ್ರ ದೋಣಿಯಿಂದಲೇ ಕಂಡಳು: ಕಾಗೆಯೊಂದು ಇಳಿದು, ಚಿಪ್ಪಿನಿಂದ ಚಿಪ್ಪಿಗೆ ನೆಟ್ಟಗೆ ನಡೆದುಹೋಗುತ್ತಿತ್ತು. ಅತ್ತೆಯ ಮುಖಕ್ಕೆ ಇದನ್ನು ಹೇಳುವುದು ಹೇಗೆ? ಹೇಳದೆ ಉಳಿದ ಮೂರೂ ಹೋದರೆ ಈ ದಿಬ್ಬದಲ್ಲಿ ರೀವದ ಕಥೆ ಮುಗಿದಂತೆಯೇ.

"ಅತ್ತೆ, ಕಾಗೆ ನಿಮ್ಮ ಚಿಪ್ಪು ನೋಡ್ಕೊಂಡೇ ಬರ್ತಿದೆ."

ಅತ್ತೆಯ ಕೈಯಿಂದ ಬಲೆ ಜಾರಿತು. "ಅಯ್ಯೋ, ನಾನೇ ಕರೆದು ಬಡಿಸಿದ ಹಾಗಾಯ್ತಲ್ಲೇ!"

ಮರುದಿನ ಬಂದ ಪ್ರವಾಸಿಗರ ಮುಂದೆ ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಅತ್ತೆ ಮೊದಲು ಹೇಳಿದ್ದೇ, "ಎಂಟು ಗೂಡು ಹಾಳಾಗಿದ್ದು ನನ್ನಿಂದ" ಎಂದು. ಆಮೇಲೆ ಒಬ್ಬೊಬ್ಬರ ಕೈಗೂ ಒಂದು ಬುಟ್ಟಿ ಚಿಪ್ಪು ಕೊಟ್ಟು, ತಮ್ಮ ಹೆಜ್ಜೆಯ ಮೇಲೇ ಹೆಜ್ಜೆಯಿಡಿಸಿ, ದಿಬ್ಬದ ತುಂಬ ಹರಡಿಸಿದರು.

"ಗೂಡು ಎಲ್ಲಮ್ಮ? ಅದನ್ನ ನೋಡೋಕೇ ಬಂದಿದ್ದು," ಎಂದು ಕ್ಯಾಮೆರಾದವನೊಬ್ಬ ಗೊಣಗಿದ.

"ಇಲ್ಲೇ ಎಲ್ಲೋ ಇದೆ. ನಿಮಗೆ ತೋರಿಸೋಕೆ ಹೋದ್ರೆ ಕಾಗೆಗೂ ಗೊತ್ತಾಗುತ್ತೆ."

"ಗೂಡು ಎಲ್ಲಿದೆ ಅಂತ ನಿಮಗೆ ಹೇಗೆ ನೆನಪಿರುತ್ತೆ ಅತ್ತೆ?" ಎಂದಳು ಸೊಸೆ.

"ಬಲೆ ಎಲ್ಲಿ ಹರಿದಿದೆ ಅಂತ ನಾನು ಯಾವತ್ತಾದ್ರೂ ಬರೆದಿಟ್ಟಿದ್ದೀನಾ?"

ಕಾಗೆ ಅಂದು ಚಿಪ್ಪು ಚಿಪ್ಪಿನ ಪಕ್ಕವೂ ಕೆದಕಿ ಕೆದಕಿ ಸುಸ್ತಾಗಿ, ಬರಿಕೊಕ್ಕಿನಲ್ಲಿ ಹಾರಿಹೋಯಿತು. ನಾಲ್ಕು ದಿನದ ಮೇಲೆ ಈ ಕಡೆ ತಲೆಯೇ ಹಾಕಲಿಲ್ಲ.

ಮೂರು ವಾರ ಕಳೆದು ಕ್ಯಾಮೆರಾದವನು ಮತ್ತೆ ಬಂದ. ದೋಣಿಯನ್ನು ದೂರದಲ್ಲೇ ನಿಲ್ಲಿಸಿದ್ದರು. ಚಿಪ್ಪುಗಳ ನಡುವೆ ಐದು ಮರಿಗಳು ತಟಪಟ ಓಡುತ್ತಿದ್ದವು. ಅವನು ಫೋಟೋ ತೆಗೆಯುವುದನ್ನೂ ಮರೆತು, "ಎಂಥಾ ಕಣ್ಣಮ್ಮ ನಿಮ್ಮದು!" ಎಂದ.

"ನನ್ನದಲ್ಲಪ್ಪ. ನನ್ನ ಕಣ್ಣನ್ನ ನಂಬಿದ್ರೆ ಇವೂ ಇರ್ತಿರಲಿಲ್ಲ. ಕಾಗೆ ಕಂಡಿದ್ದು ಇವಳಿಗೆ," ಎಂದು ಅತ್ತೆ ಸೊಸೆಯ ಬೆನ್ನ ಮೇಲೆ ಕೈಯಿಟ್ಟರು.

ದೋಣಿ ತಿರುಗಿಸಬೇಕೆಂಬುದೇ ಸೊಸೆಗೆ ಮರೆತುಹೋಯಿತು.