ಪಾಸ್‌ವರ್ಡ್ ಕೇಳದ ವಿಳಾಸ

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಅಂಗಡಿಯ ಮೇಜಿನ ಮೇಲೆ. ಬಿಡಿಭಾಗಗಳನ್ನು ತಂದು ಜೋಡಿಸಿದ ಕಂಪ್ಯೂಟರ್ ನಾನು. ಡಬ್ಬಿ ಒಂದು ಕಡೆಯದು, ಫ್ಯಾನು ಇನ್ನೊಂದು ಕಡೆಯದು. ಆದರೂ ಮೊದಲ ಸಲ ಕರೆಂಟು ಕೊಟ್ಟಾಗ ತಕರಾರಿಲ್ಲದೆ ಎದ್ದು ಕೂತೆ. ಆವತ್ತಿನ ಜಂಬ ನೆನೆದರೆ ಈಗ ನಾಚಿಕೆಯಾಗುತ್ತದೆ. ಈ ಕಥೆ ಹೇಳಲು ಹೊರಟಿರುವುದೂ ಆ ನಾಚಿಕೆ ತಡೆಯಲಾರದೆಯೇ.

ಗದಗಿನ ಮುದ್ರಣಾಲಯವೊಂದರಲ್ಲಿ ಎಂಟು ವರ್ಷ ಲಗ್ನಪತ್ರಿಕೆ ಮಾಡಿದೆ. ನನ್ನ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದವರು ಗುರುಸಿದ್ದಪ್ಪ. ಹೊಸ ಯಂತ್ರ ಬಂದಾಗ ನನ್ನನ್ನು ಗುಜರಿಗೆ ಹಾಕುವ ಮಾತು ಬಂತು. "ಇದು ನನ್ನ ಕೈಗೆ ಪಳಗಿದ್ದೈತ್ರಿ" ಎಂದು ಗುರುಸಿದ್ದಪ್ಪ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮನೆಗೆ ತಂದರು.

ಮನೆಯಲ್ಲಿ ನನಗೆ ದೊಡ್ಡ ಡಿಸ್ಕ್ ಹಾಕಿ, ಟಿವಿಯ ಕೆಳಗೆ ಕೂರಿಸಿದರು. ಮನೆಯವರ ಫೋನಿನ ಫೋಟೊ, ವಿಡಿಯೊ ಎಲ್ಲ ತಾವಾಗಿಯೇ ನನ್ನೊಳಗೆ ಬಂದು ಬೀಳುತ್ತಿದ್ದವು. ಯಾರಾದರೂ ಕೇಳಿದರೆ ಟಿವಿಗೆ ಕಳಿಸುತ್ತಿದ್ದೆ. ನನ್ನ ಜಾಗದಿಂದ ಹೆಚ್ಚಾಗಿ ಕಾಣುತ್ತಿದ್ದುದು ಜನರ ಪಾದಗಳೇ. ಗುರುಸಿದ್ದಪ್ಪನವರದು ಒಡೆದ ಹಿಮ್ಮಡಿ, ಹೆಂಡತಿ ಶಾಂತವ್ವನದು ಅರಿಶಿನದ ಬೆರಳು, ಮಗಳು ರೋಹಿಣಿಯದು ಒಂದು ಗಳಿಗೆ ಸುಮ್ಮನೆ ನಿಲ್ಲದ ಕಾಲು.

ರೋಹಿಣಿಗೆ ಬಾಗಲಕೋಟೆಯಲ್ಲಿ ಮದುವೆ ಗೊತ್ತಾಯಿತು. ವಾರ ಮುಂಚೆ ಓಣಿಯ ಹೆಂಗಸರು ಸೇರಿ ಬೀಗರ ಹಾಡು ಕಟ್ಟಲು ಕೂತರು. ಗಂಡಿನ ಕಡೆಯವರನ್ನು ಹಾಡಿನಲ್ಲಿ ಗೇಲಿ ಮಾಡುವುದು ಅಲ್ಲಿ ಸಂಪ್ರದಾಯ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮದುಮಗಳೇ ಎದ್ದು ನಿಂತು ಒಂದು ನುಡಿ ಕಟ್ಟಿದಳು:

"ಬೀಗತಿ ಬರತಾಳ, ಅರ್ಧ ಹೆಜ್ಜಿ ಇಡತಾಳ,
ಬಾಗಲ ದಾಟೂದ್ರಾಗ ಹೊತ್ತ ಮುಳಗತೈತಿ."

ಹಾಡುತ್ತ ಎಡಗಾಲು ಎಳೆದು, ಸೊಂಟ ವಾಲಿಸಿ ಕೋಣೆಯ ಉದ್ದಕ್ಕೂ ನಡೆದಳು. ಅವಳ ಅತ್ತೆಯಾಗಲಿದ್ದ ದಾಕ್ಷಾಯಣಿಯವರ ಎಡಗಾಲು ಚಿಕ್ಕಂದಿನಿಂದಲೇ ಊನ. ಹೆಂಗಸರು ಬಿದ್ದು ಬಿದ್ದು ನಕ್ಕರು. ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದ ಶಾಂತವ್ವನೂ ನಕ್ಕು, ಆಮೇಲೆ, "ಬ್ಯಾಡವ್ವಾ, ಪಾಪ, ಇದನ್ನ ಅಲ್ಲಿ ಹಾಡಬ್ಯಾಡ್ರಿ" ಎಂದಳು. ಮದುವೆಯಲ್ಲಿ ಯಾರೂ ಹಾಡಲಿಲ್ಲ. ವಿಡಿಯೊ ಮಾತ್ರ ಎಲ್ಲ ವಿಡಿಯೊಗಳಂತೆ ನನ್ನೊಳಗೆ ಬಂದು ಕೂತಿತು. ಕೂಡಿಟ್ಟವರು ಅದನ್ನು ಮರೆತೇಬಿಟ್ಟರು.

ಮದುವೆಯಾದ ಮೇಲೆ ರೋಹಿಣಿ ಅಲ್ಲಿಂದಲೂ ಇಂಟರ್ನೆಟ್ಟಿನ ಮೂಲಕ ಫೋಟೊ, ವಿಡಿಯೊಗಳನ್ನು ತನ್ನ ಟಿವಿಗೆ ಕಳಿಸೆಂದು ನನ್ನನ್ನು ಕೇಳತೊಡಗಿದಳು. ಪ್ರತಿ ಸಲವೂ ನಾನು ಪಾಸ್‌ವರ್ಡ್ ಕೇಳುತ್ತಿದ್ದೆ.

"ಅಪ್ಪಾ, ರಿಮೋಟ್ ಹಿಡಕೊಂಡು ಒಂದೊಂದ ಅಕ್ಷರ ಒತ್ತಿ ಬೆರಳು ನೋಯಾಕತ್ತಾವು" ಎಂದು ಫೋನಿನಲ್ಲಿ ದೂರಿದಳು.

"ತವರಮನಿಗೆ ಬಂದ ಮಗಳನ್ನ ಬಾಗಲದಾಗ ನಿಲ್ಲಿಸಿ, ನೀ ಯಾರು ಅಂತ ಕೇಳತಾರೇನು? ತಡಿ, ತಗದ್ಹಾಕತೀನಿ" ಎಂದರು ಗುರುಸಿದ್ದಪ್ಪ.

ನನ್ನಲ್ಲಿ ನಂಬುವ ವಿಳಾಸಗಳ ಪಟ್ಟಿ ಎಂದು ಒಂದಿದೆ. ಅದರಲ್ಲಿ ಯಾವ ಮನೆಯ ಇಂಟರ್ನೆಟ್ ವಿಳಾಸ ಬರೆದಿದೆಯೋ ಅಲ್ಲಿಂದ ಬಂದವರನ್ನು ನಾನು ಏನೂ ಕೇಳುವುದಿಲ್ಲ. ಅಳಿಯನ ಮನೆಯಲ್ಲಿ ಬದಲಾಗದ ವಿಳಾಸದ ಇಂಟರ್ನೆಟ್ ಇತ್ತು. ಗುರುಸಿದ್ದಪ್ಪ ಆ ವಿಳಾಸದ ಅಂಕಿಗಳನ್ನು ಒತ್ತಿ, ಕರಡು ತಿದ್ದುವವರಂತೆ ಬೆರಳಿಟ್ಟು ಎರಡು ಸಲ ಓದಿದರು. ಒಂದು ಅಂಕಿಯೂ ತಪ್ಪಿರಲಿಲ್ಲ. ಅವರು ಮಗಳಿಗೆ ಬಾಗಿಲು ತೆರೆದೆ ಅಂದುಕೊಂಡರು. ತೆರೆದದ್ದು ಇಡೀ ಮನೆಗೆ. ಆ ಮನೆಯಿಂದ ಯಾರು ಬಂದರೂ ನನಗೆ ಕಾಣುವುದು ಅದೇ ಅಂಕಿ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಬಾಯಿಲ್ಲ ಎಂದು ನೆಪ ಹೇಳಬಹುದು. ಆದರೆ ನಿಜ ಹೇಳುತ್ತೇನೆ, ನಂಬಿಕೆಯ ಪಟ್ಟಿ ನನ್ನ ಕೈಗೆ ಬಂತಲ್ಲ ಎಂದು ಆವತ್ತು ಬೀಗುತ್ತಿದ್ದೆ.

ಒಂದು ಸೋಮವಾರ ಮಧ್ಯಾಹ್ನ ಬಾಗಲಕೋಟೆಯಿಂದ ಆ ವಿಡಿಯೊ ಕೇಳಿದರು. ಕಳಿಸಿದೆ. ಹಾಡಿನ ಜಾಗಕ್ಕೆ ಬಂದಾಗ ನಿಲ್ಲಿಸಿದರು. ಹಿಂದಕ್ಕೆ ಹೋಗಿ ಮತ್ತೆ ನೋಡಿದರು. ಇನ್ನೊಮ್ಮೆ ನೋಡಿದರು. ಮೂರು ಸಲ. ರೋಹಿಣಿಗೆ ತವರಿನ ನೆನಪಾಗಿ ನಗುತ್ತಿರಬೇಕು ಎಂದುಕೊಂಡು ನಾನು ಖುಷಿಯಿಂದಲೇ ಕಳಿಸಿದೆ.

ಬಸುರಿಗೆ ಏಳನೇ ತಿಂಗಳಲ್ಲಿ ಮಾಡುವ ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆ, ರೋಹಿಣಿ ನಾಲ್ಕು ದಿನ ಮುಂಚೆಯೇ ಗದಗಿಗೆ ಬಂದಳು. ಬಂದವಳೇ ತಾಯಿಯ ಹತ್ತಿರ, "ಯವ್ವಾ, ನಮ್ಮತ್ತಿ ತಿಂಗಳಾತು, ನನ್ನ ಮುಂದ ಏಳೂದ ಇಲ್ಲ. ಕೂತಲ್ಲೇ ಕೂತಿರತಾರ. ಕಾಲನೋವು ಹೆಚ್ಚಾಗೇತೋ ಏನೋ" ಎಂದಳು. ಆಮೇಲೆ ಟಿವಿ ಹಚ್ಚಿ, ಯಾವುದನ್ನು ಯಾವಾಗ ನೋಡಿದ್ದೆಂದು ನಾನು ಬರೆದಿಟ್ಟ ಯಾದಿಯನ್ನು ಮೇಲಿನಿಂದ ಕೆಳಗೆ ಸರಿಸುತ್ತ ಹೋದಳು. ಒಂದು ಸಾಲಿನ ಹತ್ತಿರ ಕಾಲು ಅಲುಗುವುದು ನಿಂತಿತು. ಆ ಸೋಮವಾರ ಅವಳು ಗಂಡನ ಜೊತೆ ಸ್ಕ್ಯಾನಿಂಗಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅತ್ತೆ ಒಬ್ಬರೇ.

ವಿಷಯ ತಿಳಿದು ಗುರುಸಿದ್ದಪ್ಪ ಇಂಗು ತಿಂದ ಮಂಗನಂತಾದರು. ಪಟ್ಟಿಯಿಂದ ವಿಳಾಸ ತೆಗೆದರು, ವಿಡಿಯೊ ಅಳಿಸಿದರು. "ನೀ ಏನ ಅಳಿಸಿದ್ರೂ ಅವರು ನೋಡ್ಯಾರಲ್ಲಪ್ಪಾ" ಎಂದು ರೋಹಿಣಿ ಅತ್ತಳು. ಬಸಿರಿನ ಸಂಕಟದಲ್ಲಿ ಸೊಪ್ಪಿನ ಸಾರು ಮಾಡಿ ಬಾಯಿಗಿಟ್ಟ ಅತ್ತೆ ಅವರು. ನಾನು ಭೂಮಿಗಿಳಿದು ಹೋಗಬಾರದೇ ಅನ್ನಿಸಿತು.

ಕುಬಸದ ದಿನ ದಾಕ್ಷಾಯಣಿಯವರು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಎಡಗಾಲನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡರು. ಊಟಕ್ಕೆ ಕರೆದಾಗ ಎಲ್ಲರೂ ಎದ್ದರು. "ನೀವು ನಡೀರಿ, ನಾ ಆಮ್ಯಾಲ ಬರತೀನಿ" ಎಂದರು. ರೋಹಿಣಿ ಹೋಗಲಿಲ್ಲ. ಅವರ ಪಾದದ ಹತ್ತಿರ ನೆಲದ ಮೇಲೆ ಕೂತಳು.

"ಅತ್ತೀ, ಅದು ನಾನ ಕಟ್ಟಿದ್ದು. ನಾನ ಮಾಡಿದ್ದು. ನನ್ನ ನೋಡಿ ಒಂದು ಮಾತು ಬೈರಿ."

ಅವರು ನಿರಿಗೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು.

"ಅಳಬ್ಯಾಡ, ಹೊಟ್ಯಾಗ ಕೂಸೈತಿ. ಸಿಟ್ಟಿಗೆ ಮೂರ ಸಲ ನೋಡಲಿಲ್ಲವ್ವಾ. ನಾ ನಡಿಯೂದು ಹಿಂಗ ಕಾಣತೈತಿ ಅಂತ ನನಗ ಗೊತ್ತಿರಲಿಲ್ಲ. ಐವತ್ತೆಂಟ ವರ್ಷದಾಗ ಯಾರೂ ನನ್ನ ಮುಂದ ಮಾಡಿ ತೋರಿಸಿರಲಿಲ್ಲ."

ರೋಹಿಣಿ ಅವರ ಕೈ ಹಿಡಿದು ಎಬ್ಬಿಸಲು ಹೋದಳು. ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು.

"ನೀ ಮುಂದ ನಡಿ. ಹೊಳ್ಳಿ ನೋಡಬ್ಯಾಡ."

ರೋಹಿಣಿ ತಲೆ ತಗ್ಗಿಸಿ ಮುಂದೆ ನಡೆದಳು, ಹಿಂದಿರುಗಿ ನೋಡಲಿಲ್ಲ. ಆಮೇಲೆ ದಾಕ್ಷಾಯಣಿಯವರು ಎದ್ದು, ಗೋಡೆ ಹಿಡಿದು ಕೋಣೆ ದಾಟಿದರು.

ಈಗ ನನ್ನನ್ನು ಕಪಾಟಿನ ಮೇಲೆ ಇಟ್ಟಿದ್ದಾರೆ. ವೈರು ಕಿತ್ತಿದ್ದಾರೆ, ಮೈಮೇಲೆ ಹಳೆಯ ಟವೆಲು ಹೊದಿಸಿದ್ದಾರೆ. ಆವತ್ತು ಆ ಕೋಣೆಯಲ್ಲಿ ಅವರ ನಡಿಗೆ ನೋಡಿದವನು ನಾನೊಬ್ಬನೇ. ನಾನು ಅಲ್ಲಿದ್ದೇನೆಂಬುದು ಅವರಿಗೆ ನೆನಪಿರಲಿಲ್ಲ.