ಬಚ್ಚಲೊಲೆಯ ಹಿಂದಿನ ಗೋಡೆ

"ಹಸಿ ಸೌದೆ ತುರುಕಿ ಮನೆಯೆಲ್ಲ ಹೊಗೆ ಎಬ್ಬಿಸಿದೀಯಲ್ಲೇ, ದರಿದ್ರ ಮುಂಡೆ. ಇದೇನು ನಿನ್ನ ಗುಡಿಸಲು ಅಂದ್ಕೊಂಡ್ಯಾ?"

ಒಲೆಯವಳು ಊದುಗೊಳವೆಯಿಂದ ಬಾಯಿ ತೆಗೆಯಲಿಲ್ಲ. ಒಣ ಸೌದೆಯೆಲ್ಲ ನಡುಮನೆಯ ಬೆಂಕಿಗೆ, ಬಚ್ಚಲಿಗೆ ಹಸಿಯದೇ ಸಾಕು ಎಂದು ಅಪ್ಪಣೆ ಮಾಡಿದವರೂ ಇದೇ ಅಮ್ಮಾವ್ರು. ನಡುಮನೆಯಲ್ಲಿ ಅವರ ನಾಯಿ ಬೆಂಕಿಗೆ ಹೊಟ್ಟೆಯೊಡ್ಡಿ ಮಲಗಿತ್ತು. ನಾಯಿಯ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಅದು ಪಡೆದುಕೊಂಡು ಬಂದದ್ದು. ಅವಳಿಗೆ ಹೊಟ್ಟೆಯುರಿ ಇದ್ದದ್ದು ಓರಗಿತ್ತಿಯ ಮೇಲೆ.

ಗಂಡಂದಿರಿಬ್ಬರೂ ಕೂಲಿ ಹುಡುಕಿಕೊಂಡು ಬೆಟ್ಟ ಇಳಿದು ಹೋದ ಮೇಲೆ ಓರಗಿತ್ತಿಯರಿಗೆ ಅಮ್ಮಾವ್ರ ಮನೆಯಲ್ಲೇ ಒಂದೊಂದು ಕೋಣೆ ಸಿಕ್ಕಿತ್ತು. ಓರಗಿತ್ತಿಯದು ಬಚ್ಚಲೊಲೆಯ ಬೆನ್ನಿಗೆ ಅಂಟಿಕೊಂಡದ್ದು. ಒಲೆ ಇಲ್ಲಿ ಉರಿದರೆ ಗೋಡೆ ಅಲ್ಲಿ ಕಾಯುತ್ತಿತ್ತು. ಒಲೆಯವಳದು ಅಂಗಳದಾಚೆಯ ತಗಡಿನ ಕೋಣೆ. ಪಕ್ಕದಲ್ಲೇ ಹುಲ್ಲಿನ ರಾಶಿ ಇದ್ದುದರಿಂದ ಅಲ್ಲಿ ಕಡ್ಡಿ ಗೀರುವಂತಿರಲಿಲ್ಲ. ದಿನವಿಡೀ ಬೆಂಕಿಯ ಮುಂದೆ ಕೂತವಳು ರಾತ್ರಿ ಗಡಗಡ ನಡುಗಬೇಕು.

"ಅಕ್ಕಾ, ಪಾಪು ಕೆಮ್ಮೋದು ಕೇಳಕ್ಕಾಗಲ್ಲ. ನನ್ನ ಹತ್ರ ಮಲಗಲಿ ಬಿಡು," ಎಂದು ಓರಗಿತ್ತಿಯೇ ಕೇಳಿದ್ದಳು. ಕಳಿಸದೆ ವಿಧಿಯಿರಲಿಲ್ಲ. ಮಗಳ ಕೆಮ್ಮು ನಿಂತಿತು. ಮಗಳು ತಗಡಿನ ಕೋಣೆಗೆ ಬರುವುದೂ ನಿಂತಿತು. ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ, "ನಿನ್ನ ಕೈ ತಣ್ಣಗಿದೆ, ಮುಟ್ಟಬೇಡ. ಚಿಕ್ಕಿ ಕೈ ಬೆಚ್ಚಗಿರುತ್ತೆ," ಅಂದಳು. ಒಲೆಯವಳು ನಕ್ಕಳು. ಬಾಚಣಿಗೆಯನ್ನು ಮಾತ್ರ ಜೋರಾಗಿ ಎಳೆದಳು.

ಈಗ ಅಮ್ಮಾವ್ರು ಬೈಗುಳ ಬಿಟ್ಟು ದನಿ ತಗ್ಗಿಸಿದರು. ಒಬ್ಬಳಿಗೆ ಕೊಟ್ಟ ಕೋಣೆಯಲ್ಲಿ ಇನ್ನೊಂದು ತಲೆ ಮಲಗುತ್ತಿದೆಯಂತೆ, ಯಾರದೆಂದು ತಿಳಿಯದು. ಹೌದು ಎಂದರೆ ಸಾಕು, ಇವತ್ತೇ ಓರಗಿತ್ತಿಯನ್ನು ತಗಡಿಗೆ ಅಟ್ಟಿ ಆ ಕೋಣೆಯನ್ನು ಒಲೆಯವಳಿಗೆ ಕೊಡುತ್ತಾರಂತೆ.

ಆ ಮಾತು ಅವಳ ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. ಬಿಸಿ ಗೋಡೆಗೆ ತನ್ನ ಬೆನ್ನು, ತನ್ನ ಮಗ್ಗುಲಲ್ಲಿ ಮಗಳು. ತಗಡಿನಡಿ ಹಲ್ಲು ಕಟಕಟಿಸುತ್ತ ಓರಗಿತ್ತಿ. ಆ ಚಿತ್ರ ಬೆಲ್ಲದಷ್ಟು ಸಿಹಿಯಾಗಿತ್ತು.

"ಹೇಳೇ," ಅಮ್ಮಾವ್ರು ನಕ್ಕರು. "ನಿಮ್ಮಂಥವರ ಬುದ್ಧಿ ನಂಗೊತ್ತಿಲ್ವಾ? ಒಬ್ಬಳು ಬೆಚ್ಚಗಿದ್ರೆ ಇನ್ನೊಬ್ಬಳಿಗೆ ನಿದ್ದೆ ಬರಲ್ಲ. ಅದಕ್ಕೇ ನಿನ್ನನ್ನ ಕೇಳಿದ್ದು."

ಯಾರೋ ಸೆರಗು ಹಿಡಿದು ಜಗ್ಗಿದಂತಾಯಿತು. ಇಷ್ಟು ದಿನ ತನ್ನೊಬ್ಬಳದೇ ಅಂದುಕೊಂಡಿದ್ದ ಆ ಹೊಟ್ಟೆಯುರಿ ಇವರ ಕೈಗೆ ಯಾವಾಗ ಸಿಕ್ಕಿತು?

"ನಂಗೇನೂ ಗೊತ್ತಿಲ್ಲ, ಅಮ್ಮಾವ್ರೇ."

"ಹಾಗಾದ್ರೆ ಚಳೀಲಿ ಸಾಯಿ. ರಾತ್ರಿ ನಾನೇ ಬಂದು ನೋಡ್ತೀನಿ." ಬಾಗಿಲು ಧಡಾರನೆ ಮುಚ್ಚಿತು.

ಗೋಡೆಯಾಚೆ ಮಗಳು ಕಿಲಕಿಲ ನಗುತ್ತಿದ್ದಳು, ಚಿಕ್ಕಿಯ ಜತೆ. ಒಲೆಯವಳ ಹೊಟ್ಟೆಯುರಿ ಕಾಸಿನಷ್ಟೂ ಇಳಿದಿರಲಿಲ್ಲ. ನೋಡಲು ಬರುತ್ತಾರಂತೆ. ಬರಲಿ. ಇವತ್ತು ಆ ಕೋಣೆಯಲ್ಲಿ ಮೂರು ತಲೆ ಇರುತ್ತವೆ. ಎಬ್ಬಿಸಿದರೂ ತಾನು ಏಳುವವಳಲ್ಲ.

ಮಲಗುವುದು ಮಾತ್ರ ಆ ಇಬ್ಬರ ನಡುವೆಯೇ.